ಖಾಲಿ ಟ್ರೇಲರಿನ ತೂಕ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಗಾಳಿ, ಸೋಂಕು ಎಂಬ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ, ವಿಜ್ಞಾನ ಕಲಿಸಿದೆ. ಒಬ್ಬ ಹುಡುಗಿಗೆ ಗಾಳಿ ಬಡಿದಿದೆಯೆಂದು ಮನೆಯವರು ಶಾಲೆ ಬಿಡಿಸಿದಾಗ ನಾನೇ ಅವರ ಮನೆಗೆ ಹೋಗಿ, ಜಗಳವಾಡಿ, ಅವಳನ್ನು ದವಾಖಾನೆಗೆ ಕರೆದೊಯ್ದದ್ದುಂಟು. ಅವಳಿಗಿದ್ದದ್ದು ರಕ್ತಹೀನತೆ. ಅಂಥವಳು ನಾನು ಇದನ್ನು ಬರೆಯಲು ಕೂತಿದ್ದೇನೆಂದರೆ ನನಗೇ ಒಂದಿಷ್ಟು ಸಂಕೋಚ. ನಂಬಿ ಎಂದು ಓದುಗರನ್ನು ಕೇಳುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಅಷ್ಟೇ.

ಇದು ನಡೆದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಾವು ಆಗ ವಿಜಾಪುರದಲ್ಲಿ ಸ್ಟೇಶನ್ನಿನ ಕಡೆ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಮನೆಯವರು ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದು, ನಿವೃತ್ತರಾಗಿ ಬಂದು ಟಾಯರ್ ಅಂಗಡಿ ಹಾಕಿದ್ದರು. ಸೈನ್ಯ ಬಿಟ್ಟರೂ ಅದರ ಒಂದು ಚಟ ಅವರನ್ನು ಬಿಟ್ಟಿರಲಿಲ್ಲ. ಬಯಲಲ್ಲಿ ಡೇರೆ ಹಾಕಬೇಕು, ಕಲ್ಲೊಲೆ ಹೂಡಿ ಅಡಿಗೆ ಮಾಡಬೇಕು, ಮಕ್ಕಳು ಮಣ್ಣಿನಲ್ಲಿ ಆಡಬೇಕು. ಹರಾಜಿನಲ್ಲಿ ಒಂದು ಹಳೇ ಜೀಪು ಕೊಂಡಿದ್ದರು. ಶಾಲೆಗೆ ಸೂಟಿ, ಅಂದರೆ ರಜೆ, ಬಂತೆಂದರೆ ಸಾಕು, ನಾನು, ಅತ್ತೆ, ಇಬ್ಬರು ಹೆಣ್ಣುಮಕ್ಕಳು ಎಲ್ಲರೂ ಆ ಜೀಪಿನಲ್ಲಿ ತುಂಬಿಕೊಂಡು ಎಲ್ಲಾದರೂ ಹೋಗಲೇಬೇಕು. ಓಣಿಯವರು ನಗುತ್ತಿದ್ದರು. ಮನೆ ಇದ್ದೂ ಡೇರೆಯಲ್ಲಿ ಮಲಗುವ ಜನ ಎಂದು ನಮಗೆ ಹೆಸರೇ ಬಿದ್ದಿತ್ತು.

ಮಕ್ಕಳು ಬೆಳೆಯುತ್ತ ಹೋದಂತೆ ಜೀಪಿನಲ್ಲಿ ಜಾಗ ಸಾಲದಾಯಿತು. ಡೇರೆ, ಹಾಸಿಗೆ, ಪಾತ್ರೆ, ನೀರಿನ ಡ್ರಮ್ಮು ಎಲ್ಲವೂ ನಮ್ಮ ಮಡಿಲಲ್ಲೇ. ಅತ್ತೆಯ ಮೊಣಕಾಲು ಬೇರೆ ಮಡಚಲಾಗುತ್ತಿರಲಿಲ್ಲ. ಜೀಪಿನ ಹಿಂದೆ ಕಟ್ಟಲು ಒಂದು ಸಣ್ಣ ಟ್ರೇಲರ್ ತೆಗೆದುಕೊಳ್ಳೋಣ ಎಂದು ನಮ್ಮವರು ಹೊರಟರು. ನಮ್ಮ ಕಡೆಯವರು ಅದಕ್ಕೆ ಡಬ್ಬಿ ಎನ್ನುತ್ತಾರೆ. ಡಾಂಬರು ರಸ್ತೆಯ ಡಬ್ಬಿ ನಮಗೆ ಉಪಯೋಗವಿರಲಿಲ್ಲ. ಎರೆ ಹೊಲದ ದಾರಿ, ಹಳ್ಳದ ದಡ, ಕಲ್ಲು ಹರಳು ಎಲ್ಲವನ್ನೂ ದಾಟಬೇಕು. ಗಾಲಿ ಎತ್ತರವಿರಬೇಕು, ಗಾಲಿಯ ಮೇಲೆ ಭಾರ ಹೊರುವ ಕಮಾನು ಪಟ್ಟಿ, ಅಂದರೆ ಸ್ಪ್ರಿಂಗು, ಗಟ್ಟಿ ಇರಬೇಕು. ಮೇಲಾಗಿ ನಮ್ಮ ಕೈಗೆ ಎಟುಕಬೇಕು.

ಮೊದಲು ನೋಡಿದ್ದು ತಿಕೋಟಾದಲ್ಲಿ. ಅಲ್ಲಿ ಒಬ್ಬ ವೆಲ್ಡಿಂಗಿನವನು ಹೊಸದಾಗಿ ಒಂದು ಟ್ರೇಲರ್ ಮಾಡಿ ನಿಲ್ಲಿಸಿದ್ದ. ಹಸಿರು ಬಣ್ಣ ಹೊಳೆಯುತ್ತಿತ್ತು. ನನಗಂತೂ ನೋಡಿದ ಕೂಡಲೇ ಮನಸ್ಸಿಗೆ ಬಂತು. "ಸಾಹೇಬ್ರ, ಎಂಥಾ ಹೊಲದಾಗರ ಹಾಕ್ರಿ, ತಡೀತೈತ್ರಿ ಇದು" ಎಂದು ಅವನು ಗಾಲಿಗೆ ಒದ್ದು ತೋರಿಸಿದ. ಜೀಪಿಗೆ ಕಟ್ಟಿ ಊರ ಹೊರಗಿನ ಹೊಲದ ದಾರಿಯಲ್ಲಿ ಒಂದು ಸುತ್ತು ಎಳೆದೆವು. ಖಾಲಿ ಟ್ರೇಲರ್ ಪ್ರತಿ ಕಲ್ಲಿಗೂ ಗಡಗಡ ಎಂದು ಹಾರಿ ಹಾರಿ ಬೀಳುತ್ತಿತ್ತು. ನಮ್ಮವರು ಇಳಿದು ಬಂದು ತಲೆಯಾಡಿಸಿದರು.

"ಆಡಿನ ಮರಿ ಜಿಗದಂಗ ಜಿಗಿತೈತಿ. ಹುಡುಗೂರನ್ನ ಇದರಾಗ ಕುಂಡ್ರಿಸಿದ್ರ ಹಲ್ಲ ಉದರತಾವ."

ಖಾಲಿ ಇದ್ದರೆ ಯಾವುದಾದರೂ ಹಾರುತ್ತದೆ, ಭಾರ ಹಾಕಿದರೆ ಸುಮ್ಮನಾಗುತ್ತದೆ ಎಂದು ನಾನು ಹೇಳಿದೆ. ಅವರು ಕೇಳಲಿಲ್ಲ. ಬೆಲೆಯೂ ನಮಗೆ ಮೀರಿದ್ದಾಗಿತ್ತು. ಬರಿಗೈಯಲ್ಲಿ ಬಂದೆವು.

ಎರಡು ವಾರದ ನಂತರ ಬಬಲೇಶ್ವರದಲ್ಲಿ ಒಂದು ಹಳೇ ಮಿಲಿಟರಿ ಟ್ರೇಲರ್ ಇದೆಯೆಂದು ಸುದ್ದಿ ಬಂತು. ಊರಿನ ಅಂಚಿಗೆ ಒಬ್ಬ ಗೌಡರ ಮನೆ. ಮನೆಯ ಮುಂದೆ ಬೇವಿನ ಗಿಡದ ಕೆಳಗೆ ಅದು ನಿಂತಿತ್ತು. ಬಣ್ಣ ಹೋಗಿ ತುಕ್ಕು ಹಿಡಿದಿತ್ತು, ಆದರೆ ಗಾಲಿ ಎತ್ತರ, ಕಬ್ಬಿಣ ದಪ್ಪ. ನಮ್ಮವರ ಕಣ್ಣು ಅರಳಿದವು. ಅವರು ಸೈನ್ಯದಲ್ಲಿ ಎಳೆದದ್ದೆಲ್ಲ ಇಂಥವೇ. ಮುಂದಿನ ಹಲಗೆಯ ಮೇಲೆ ಹಿತ್ತಾಳೆಯ ಸಣ್ಣ ಪಟ್ಟಿ ಇತ್ತು. ಅದರಲ್ಲಿ ಖಾಲಿ ತೂಕ ಇನ್ನೂರೈವತ್ತು ಕಿಲೋ ಎಂದು ಕೊರೆದಿತ್ತು. ಗೌಡರು ಹೇಳಿದ ಬೆಲೆ ತಿಕೋಟಾದವನು ಕೇಳಿದ್ದರ ಅರ್ಧದಷ್ಟೂ ಇರಲಿಲ್ಲ.

"ಟ್ರ್ಯಾಕ್ಟರಿಗೆ ದೊಡ್ಡ ಡಬ್ಬಿ ತಂದೇವ್ರಿ. ಇದು ಸುಮ್ಮ ನಿಂತೈತಿ. ಜಗ್ಗಿ ನೋಡ್ರಿ, ಮನಸ್ಸಿಗೆ ಬಂದ್ರ ಒಯ್ಯಿರಿ" ಎಂದರು ಗೌಡರು. ಅವರು ಹೆಚ್ಚು ಮಾತಾಡುವವರಲ್ಲ.

ಗೌಡರ ಹೆಂಡತಿ, ವಯಸ್ಸಾದ ಹೆಣ್ಣುಮಗಳು, ನನ್ನನ್ನು ಒಳಗೆ ಕರೆದು ಚಹಾ ಕೊಟ್ಟರು. "ಹುಡುಗೂರು ಅದಾವೇನ ತಂಗಿ?" ಎಂದು ಕೇಳಿದರು. ಇಬ್ಬರು ಹೆಣ್ಣುಮಕ್ಕಳು, ಒಂಬತ್ತು ವರ್ಷದ ಶೈಲಾ, ಆರು ವರ್ಷದ ನೀಲಾ ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಹಂಗಾರ ಒಯ್ಯಿ. ಛಲೋ ಆತು" ಎಂದರು. ಆಗ ನನಗೆ ಆ ಮಾತಿನಲ್ಲಿ ವಿಶೇಷವೇನೂ ಕಾಣಲಿಲ್ಲ.

ಟ್ರೇಲರ್ ಕಟ್ಟಿಕೊಂಡು ನಿಡೋಣಿಯ ಕಡೆ ಹೋಗುವ ಹೊಲದ ದಾರಿಗೆ ಇಳಿದೆವು. ಮಕ್ಕಳು ಕೂತರೆ ಹೇಗಿರುತ್ತದೆಂದು ನೋಡಲು ನಾನೇ ಟ್ರೇಲರಿನಲ್ಲಿ ಬಲಗಡೆ ಅಂಚಿಗೆ ಕೂತೆ. ಮಧ್ಯಾಹ್ನ. ಬಿಳಿಜೋಳದ ಬಿತ್ತನೆಗೆ ಹರಗಿಟ್ಟ ಕರಿ ಹೊಲ. ಕಣ್ಣು ಹಾಯುವವರೆಗೂ ಒಂದು ಗಿಡವಿಲ್ಲ, ಮನುಷ್ಯರಿಲ್ಲ. ದಾರಿಯಲ್ಲಿ ಮೊಣಕಾಲುದ್ದ ಗಾಲಿಜಾಡು. ನಾನು ಎರಡೂ ಕೈಯಿಂದ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದೆ. ಆದರೆ ಟ್ರೇಲರ್ ಹಾರಲೇ ಇಲ್ಲ. ಜೀಪು ಕುಪ್ಪಳಿಸುತ್ತಿತ್ತು, ಇದು ಅದರ ಹಿಂದೆ ಚೀಲ ತುಂಬಿದ ಬಂಡಿಯ ಹಾಗೆ ಮೆತ್ತಗೆ ಬರುತ್ತಿತ್ತು. ನಾನು ಕೂತ ಬಲಭಾಗ ತಗ್ಗಬೇಕಿತ್ತು, ಕೂತವಳು ನಾನೊಬ್ಬಳೇ. ನೋಡಿದರೆ ಎಡಗಡೆಯ ಮುಂದಿನ ಮೂಲೆಯೇ ತುಸು ತಗ್ಗಿದಂತಿತ್ತು. ಕಮಾನು ಸೊರಗಿದೆ ಎಂದುಕೊಂಡೆ. ಅದೇಕೋ ಆ ಮೂಲೆಯ ಕಡೆ ಕಾಲು ಚಾಚಿ ಕೂರಲು ಮನಸ್ಸು ಬರಲಿಲ್ಲ. ಕಾಲನ್ನು ಒಳಗೆ ಎಳೆದುಕೊಂಡೆ.

ಜೀಪು ನಿಲ್ಲಿಸಿ ನಮ್ಮವರು ನಗುತ್ತ ಬಂದರು. "ನೋಡಿದಿ? ನೀ ಒಬ್ಬಾಕೇ ಇದ್ರೂ ಹೆಂಗ ನೆಲಾ ಹಿಡದ ಬರತೈತಿ! ಇದು ನೋಡ ಡಬ್ಬಿ ಅಂದ್ರ."

ಅವರು ಅದನ್ನು ಆರಿಸಿದ್ದೇ ಆ ಗುಣಕ್ಕೆ. ಒಬ್ಬರೇ ಕೂತ, ಹೆಚ್ಚುಕಡಿಮೆ ಖಾಲಿ ಟ್ರೇಲರಿಗೆ ಆ ಗುಣ ಇರಲು ಸಾಧ್ಯವಿಲ್ಲ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹೊಳೆದದ್ದು ಗೌಡರಿಗೆ ದುಡ್ಡು ಕೊಟ್ಟು, ಟ್ರೇಲರ್ ಕಟ್ಟಿಕೊಂಡು ವಿಜಾಪುರಕ್ಕೆ ಬಂದ ಮೇಲೆ. ಎಷ್ಟು ಸಾಮಾನು ಹೇರಬಹುದೆಂದು ಲೆಕ್ಕ ಹಾಕಲು ಸರಿಯಾದ ಖಾಲಿ ತೂಕ ಬೇಕು ಎಂದು ನಮ್ಮವರು ದಾರಿಯಲ್ಲಿದ್ದ ಒಂದು ಹತ್ತಿ ಗಿರಣಿಯ ಬಳಿ ನಿಲ್ಲಿಸಿದರು. ಅಲ್ಲಿ ಬಂಡಿಗಳನ್ನು ತೂಗುವ ಕಾಟಾ ಇತ್ತು. ಕಾಟಾ ನೋಡಿಕೊಳ್ಳುತ್ತಿದ್ದ ರಜಾಕಸಾಬರ ಮಗಳು ನನ್ನ ವಿದ್ಯಾರ್ಥಿನಿ. ಟ್ರೇಲರನ್ನು ಬಿಚ್ಚಿ ಕಾಟಾದ ಹಲಗೆಯ ಮೇಲೆ ತಳ್ಳಿದೆವು. ಮುನ್ನೂರು ಕಿಲೋ ಬಂತು. ಪಟ್ಟಿಯ ಮೇಲಿದ್ದದ್ದಕ್ಕಿಂತ ಐವತ್ತು ಕಿಲೋ ಹೆಚ್ಚು. ಕೆಳಗಿಳಿಸಿ ಮತ್ತೆ ಹತ್ತಿಸಿದರು. ಮುನ್ನೂರೇ. ಕಾಟಾ ಕೆಟ್ಟಿರಬೇಕು ಎಂದು ನಾನೆಂದೆ. ರಜಾಕಸಾಬರಿಗೆ ಸ್ವಲ್ಪ ಅವಮಾನವಾಯಿತು.

"ಅಕ್ಕಾರ, ನಮ್ಮ ಕಾಟಾ ಸುಳ್ಳ ಹೇಳೂದಿಲ್ರಿ. ನಾ ನಿಂತ ತೋರಸ್ತೇನಿ ನೋಡ್ರಿ" ಎಂದು ತಾವೇ ಹತ್ತಿ ನಿಂತರು. ಅವರ ತೂಕ ಸರಿಯಾಗಿಯೇ ಬಂತು.

ತಳದ ಹಲಗೆ ನೀರು ಕುಡಿದಿರಬೇಕು, ಒಳಗೆ ಮಣ್ಣು ಗಟ್ಟಿಯಾಗಿರಬೇಕು ಎಂದರು ನಮ್ಮವರು. ಅದು ಒಪ್ಪುವ ಮಾತು. ಮರುದಿನ ಅಂಗಡಿಯಲ್ಲಿ ತಳದ ಹಲಗೆ ಬಿಚ್ಚಿ ನೋಡಿದರು. ಒಣಗಿ ಕಟ್ಟಿಗೆಯಂತಿದ್ದವು. ಒಂದು ಬೊಗಸೆ ಮಣ್ಣು ಸಿಕ್ಕಿತು. ಎರಡೂ ಬದಿಯ ಕಮಾನು ಬಿಚ್ಚಿ ಪಕ್ಕ ಪಕ್ಕ ಇಟ್ಟು ನೋಡಿದರು. ಎರಡಕ್ಕೂ ಒಂದೇ ಬಾಗು, ಎಡಗಡೆಯದು ಸೊರಗಿರಲಿಲ್ಲ. ಜೋಡಿಸಿ, ಬಣ್ಣ ಬಳಿದು, ಅಂಗಳಕ್ಕೆ ತಂದು ನಿಲ್ಲಿಸಿದರು. ನಾನು ಶಾಲೆಯ ಅಳತೆಪಟ್ಟಿ ತಂದು ಎರಡೂ ಕಡೆ ಅಳೆದೆ. ಎಡಗಡೆ ಎರಡು ಬೆರಳು ತಗ್ಗಿತ್ತು.

ಆಮೇಲಿನ ಹತ್ತು ಹನ್ನೆರಡು ದಿನ ನನಗೆ ಸಮಾಧಾನವಿರಲಿಲ್ಲ. ಹೆದರಿದೆನೆಂದು ಹೇಳಲಾರೆ. ಲೆಕ್ಕದಲ್ಲಿ ಉತ್ತರ ಕೂಡದೆ ಹೋದರೆ ಆಗುವ ಕಿರಿಕಿರಿ ಅದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮಕ್ಕಳು ಶಾಲೆಯಿಂದ ಬಂದವರೇ ಆ ಟ್ರೇಲರಿನಲ್ಲಿ ಹತ್ತಿ ಮನೆಯಾಟ ಆಡುತ್ತಿದ್ದಾಗ ನಾನು ಅಡಿಗೆಮನೆಯಿಂದ ಮತ್ತೆ ಮತ್ತೆ ಹೊರಗೆ ಬಂದು ನೋಡುತ್ತಿದ್ದೆ. ಅವರು ಯಾವಾಗಲೂ ಹಿಂಬದಿಯಲ್ಲೇ ಆಡುತ್ತಿದ್ದರು. ಎಡಗಡೆಯ ಮುಂದಿನ ಮೂಲೆಯಲ್ಲಿ ಒಂದು ಬೊಂಬೆಯನ್ನೂ ಇಡುತ್ತಿರಲಿಲ್ಲ. ಯಾಕೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದರೆ ಅವರು ಏನಾದರೂ ಹೇಳಿಬಿಟ್ಟಾರು ಅನಿಸುತ್ತಿತ್ತು.

ಒಂದು ದಿನ ಟ್ರೇಲರನ್ನು ಗೌಡರಿಗೆ ವಾಪಸು ಕೊಟ್ಟುಬಿಡೋಣ ಎಂದೆ. ನಮ್ಮವರಿಗೆ ಸಿಟ್ಟು ಬಂತು. "ಇಷ್ಟ ಓದಿ, ಸಾಲ್ಯಾಗ ಕಲಿಸಿ, ಏನ ಮಾತಾಡತಿ ನೀ? ಐವತ್ತ ಕಿಲೋಕ್ಕ ಹೆದರಿ ಡಬ್ಬಿ ಬಿಡಬೇಕೇನ?" ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ದಸರಾ ಸೂಟಿ ಬಂತು. ದೂರ ಹೋಗುವ ಮೊದಲು ಹತ್ತಿರದಲ್ಲೇ ಒಮ್ಮೆ ಪರೀಕ್ಷೆ ಮಾಡೋಣ ಎಂದು ಭೂತನಾಳ ಕೆರೆಗೆ ಹೋದೆವು. ಆ ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತ್ತು. ಜನ ಹೋಗದ ಬದಿಯಲ್ಲಿ ದಡ ಇಳಿದು, ನೀರಿಗೆ ಸ್ವಲ್ಪ ದೂರ ಡೇರೆ ಹೊಡೆದು, ಟ್ರೇಲರನ್ನು ಬಿಚ್ಚಿಟ್ಟೆವು. ಅತ್ತೆ ರೊಟ್ಟಿ ಬಡಿದರು. ಮಕ್ಕಳು ದಿನವಿಡೀ ಕುಣಿದರು. ಎಲ್ಲವೂ ಚೆನ್ನಾಗಿಯೇ ನಡೆಯಿತು. ನನ್ನ ಮನಸ್ಸೂ ಹಗುರಾಗಿತ್ತು.

ಇಳಿಹೊತ್ತಿಗೆ ಹೊರಡಲು ಸಾಮಾನು ಕಟ್ಟಿದೆವು. ಇಲ್ಲಿಂದ ಮುಂದಿನದನ್ನು ತುಸು ವಿವರವಾಗಿ ಹೇಳಬೇಕು. ಭಾರದ ಸಾಮಾನೆಲ್ಲ, ಅಂದರೆ ನೀರಿನ ಡ್ರಮ್ಮು, ಪಾತ್ರೆಯ ಪೆಟ್ಟಿಗೆ, ಒಲೆ, ಜೀಪಿಗೆ ಹೋದವು. ಟ್ರೇಲರಿನಲ್ಲಿ ಡೇರೆಯ ಬಟ್ಟೆ, ಹಾಸಿಗೆ ಮಾತ್ರ. ಅವನ್ನೂ ಮಕ್ಕಳು ಮೆತ್ತಗೆ ಕೂರಲೆಂದು ನಾನೇ ಹಿಂಬದಿಗೆ ಹಾಕಿದ್ದೆ. ನಮ್ಮವರು ಜೀಪನ್ನು ಹಿಂದೆ ತಂದು ಅದರ ಹಿಂದಿನ ಕೊಂಡಿಯನ್ನು ಟ್ರೇಲರಿನ ಮುಂದಿನ ಕಬ್ಬಿಣದ ಬಳೆಗೆ ಕೂಡಿಸಿ ಇಳಿದು ಬಂದು, ಕೊಂಡಿಯ ಬಾಯಿ ಮುಚ್ಚಿದರು. ಅದು ತೆರೆದುಕೊಳ್ಳದಂತೆ ಒಂದು ಪಿನ್ನು ಹಾಕಬೇಕು, ಮೇಲೆ ಒಂದು ಸರಪಳಿ ಸಿಗಿಸಬೇಕು. ಪಿನ್ನನ್ನು ನನ್ನ ಕೈಗೆ ಕೊಟ್ಟು, "ಪಿನ್ನ ಹಾಕಿ ಸರಪಳಿ ಸಿಗಿಸು" ಎಂದು ಮುಂದೆ ಹೋಗಿ ಇಂಜಿನ್ ಚಾಲೂ ಮಾಡಿದರು. ಅಷ್ಟರಲ್ಲಿ ನೀಲಾ ರಾಡಿಯಲ್ಲಿ ಜಾರಿ ಬಿದ್ದು ಅಳಲು ಶುರುಮಾಡಿದಳು. ನಾನು ಓಡಿಹೋಗಿ ಅವಳ ಕಾಲು ತೊಳೆಯತೊಡಗಿದೆ.

"ಹಾಕಿದಿ?" ಎಂದು ನಮ್ಮವರು ಜೀಪಿನಿಂದ ಕೂಗಿದರು.

"ಹೂಂ ರಿ" ಎಂದೆ.

ಯಾಕೆ ಹಾಗೆಂದೆನೋ ತಿಳಿಯದು. ಹಾಕಿದ್ದೇನೆಂದು ನಿಜವಾಗಿಯೂ ಅನಿಸಿತ್ತೋ, ಆಮೇಲೆ ಹಾಕಿದರಾಯಿತೆಂದು ಅಂದೆನೋ, ಇಷ್ಟು ವರ್ಷ ಯೋಚಿಸಿದರೂ ನೆನಪಿಗೆ ಬರುವುದಿಲ್ಲ.

ದಡ ಕಡಿದಾಗಿತ್ತು. ಜೀಪಿಗೆ ಭಾರವಾಗಬಾರದೆಂದು ನಾನು, ಅತ್ತೆ ನಡೆದೇ ಹತ್ತತೊಡಗಿದೆವು. ಮಕ್ಕಳಿಬ್ಬರೂ ಹಟಮಾಡಿ ಟ್ರೇಲರಿನ ಹಿಂಭಾಗದಲ್ಲಿ, ಹಾಸಿಗೆಯ ಮೇಲೆ, ಕೆರೆಯ ಕಡೆ ಮುಖ ಮಾಡಿ ಕೂತಿದ್ದರು. ಅತ್ತೆ ಒಕ್ಕಲುತನದ ಮನೆಯವರು. ಒಮ್ಮೆ ತಿರುಗಿ ನೋಡಿದವರೇ, "ಏ, ಹಿಂಭಾರ ಆಗೇತಿ ನೋಡ್ರೋ, ಮೂಕಿ ಎದ್ದೀತು!" ಎಂದು ಕೂಗಿದರು. ಬಂಡಿಯ ಮುಂದಿನ ಮರಕ್ಕೆ ನಮ್ಮಲ್ಲಿ ಮೂಕಿ ಎನ್ನುತ್ತಾರೆ, ಟ್ರೇಲರಿನಲ್ಲಾದರೆ ಬಳೆ ಇರುವ ಮುಂದಿನ ಕಬ್ಬಿಣದ ತೋಳು. ಹಿಂದೆ ಭಾರವಾದರೆ ಮೂಕಿ ಮೇಲೇಳುತ್ತದೆಂದು ಹಳ್ಳಿಯ ಕೂಸಿಗೂ ಗೊತ್ತು. ಇಂಜಿನ್ನಿನ ಸದ್ದಿನಲ್ಲಿ ಅವರ ಮಾತು ನಮ್ಮವರಿಗೆ ಕೇಳಿಸಲಿಲ್ಲ.

ದಡದ ಅರ್ಧಕ್ಕೆ ಬಂದಾಗ ಜೀಪಿನ ಗಾಲಿ ಒಂದು ಕಲ್ಲು ಹತ್ತಿ ಇಳಿಯಿತು. ಖಟ್ ಎಂದು ಸದ್ದಾಯಿತು. ಕೊಂಡಿ ಬಾಯಿ ತೆರೆದಿತ್ತು. ಜೀಪು ಮುಂದೆ ಹೋಯಿತು, ಟ್ರೇಲರ್ ಹಿಂದೆ ಉಳಿಯಿತು.

ನಾನು ಅದರ ಎಡಬದಿಗೆ ಹತ್ತು ಹೆಜ್ಜೆ ದೂರದಲ್ಲಿದ್ದೆ. ಮೂಕಿ ಮೇಲೆದ್ದಿತು. ನನ್ನ ಎದೆಯ ಎತ್ತರಕ್ಕೆ ಎದ್ದದ್ದನ್ನು ಸ್ಪಷ್ಟವಾಗಿ ನೋಡಿದೆ. ಗಾಲಿಗಳು ಹಿಂದಕ್ಕೆ ಉರುಳತೊಡಗಿದವು. ಕೆಳಗೆ ದಡ ಮುಗಿದಲ್ಲಿ ಕಲ್ಲು ಕಟ್ಟಿದ ಅಂಚು, ಅದರಾಚೆ ತುಂಬಿದ ನೀರು. ನಾನು ಓಡಿದೆ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಕೈ ಚಾಚಿದರೆ ಟ್ರೇಲರಿನ ಅಂಚು ಬೆರಳಿಗೆ ತಾಗಿ ತಪ್ಪಿಹೋಯಿತು. ಮಕ್ಕಳು ನನ್ನ ಕಡೆ ನೋಡಿ ನಗುತ್ತಿದ್ದರು. ಅಪ್ಪ ಜೀಪನ್ನು ಹಿಂದೆ ತರುತ್ತಿದ್ದಾನೆಂದು ಅವರು ತಿಳಿದಿದ್ದರು.

ಆಗ ಮೂಕಿ ಕೆಳಗೆ ಬಂತು.

ಬಿತ್ತು ಎನ್ನಲಾರೆ. ನಿಂತ ಬಂಡಿಯ ಮುಂಭಾಗಕ್ಕೆ ದೊಡ್ಡ ಆಳೊಬ್ಬರು ಕಾಲಿಟ್ಟು ಹತ್ತಿದರೆ ಬಂಡಿ ಹೇಗೆ ಮುಂದಕ್ಕೆ ವಾಲುತ್ತದೆಯೋ, ಹಾಗೆ ಬಂತು. ಎಡಗಡೆಯ ಕಮಾನು ಕಿರ್ರೆಂದು ಒತ್ತಿಕೊಂಡಿತು. ಅದನ್ನು ನಾನು ಕೇಳಿದೆ ಮಾತ್ರವಲ್ಲ, ಕಣ್ಣಾರೆ ನೋಡಿದೆ. ಮೂಕಿಯ ತುದಿ ಮಣ್ಣಿಗೆ ನಾಟಿ, ರಂಟೆ ಹೊಡೆದ ಹಾಗೆ ಆಳವಾಗಿ ನೆಲ ಸೀಳುತ್ತ ಹೋಯಿತು. ಎಂಟು ಮಾರು ಸೀಳಿ, ಟ್ರೇಲರ್ ನಿಂತಿತು. ಕಲ್ಲಿನ ಅಂಚಿಗೆ ಇನ್ನು ಮೂರು ನಾಲ್ಕು ಮಾರು ಉಳಿದಿತ್ತು.

ನಾನು ಮಕ್ಕಳನ್ನು ಎಳೆದು ಇಳಿಸಿಕೊಂಡೆ. ನಮ್ಮವರು ಜೀಪು ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು ಓಡಿಬಂದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಬಂದವರೇ ಟ್ರೇಲರಿನ ಗಾಲಿಗೂ ಕಲ್ಲು ಕೊಟ್ಟು ಮೂಕಿ ಎತ್ತಲು ಹೋದರು. ಮೇಲೇಳಲಿಲ್ಲ. ಟ್ರಕ್ಕಿನ ಟಾಯರನ್ನು ಒಬ್ಬರೇ ಎತ್ತಿ ಒಗೆಯುವ ಮನುಷ್ಯ, ಎರಡೂ ಕೈ ಹಾಕಿ ಎಳೆದರೂ ಅಲುಗಲಿಲ್ಲ. ಮಣ್ಣು ಹಿಡಿದುಕೊಂಡಿದೆ ಎಂದರು. ಇನ್ನೊಮ್ಮೆ ಬಗ್ಗಿ ಕೈ ಹಾಕಿದರು. ಆಗ ಎಡಗಡೆಯ ಕಮಾನು ಕಿರ್ರೆಂದು ಮೇಲೆದ್ದಿತು. ಯಾರೂ ಅದನ್ನು ಮುಟ್ಟಿರಲಿಲ್ಲ. ಕೂತವರು ಎದ್ದರೆ ಮಂಚ ಸದ್ದು ಮಾಡುತ್ತದಲ್ಲ, ಅಂಥ ಸದ್ದು. ಮರುಕ್ಷಣ ಮೂಕಿ ಅವರ ಕೈಯಲ್ಲಿ ಹಗುರವಾಗಿ ಎದ್ದು ಬಂತು. ಅವರು ಹಿಂದಕ್ಕೆ ಮುಗ್ಗರಿಸಿ ಬಿದ್ದೇಬಿಟ್ಟರು.

ಬಿಸಿಲು ಇನ್ನೂ ಇತ್ತು. ನೀರಿನ ಮೇಲೆ ಬೆಳಕು ಬಿದ್ದಿತ್ತು. ನಮ್ಮ ಐವರನ್ನು ಬಿಟ್ಟು ಆ ದಡದಲ್ಲಿ ನರಪಿಳ್ಳೆ ಇರಲಿಲ್ಲ. ಅತ್ತೆ ಮೇಲಿನಿಂದ ಕುಂಟುತ್ತ ಇಳಿದು ಬಂದವರು ಟ್ರೇಲರಿನ ಹತ್ತಿರ ಬರುತ್ತಲೇ ಗಕ್ಕನೆ ನಿಂತರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಖ ತಗ್ಗಿಸಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಿರಿಯರು ಎದುರಿಗೆ ಬಂದಾಗ ನಮ್ಮ ಕಡೆ ಸೊಸೆಯಂದಿರು ಸರಿಯುವುದು ಹಾಗೆಯೇ. ಮನೆಗೆ ಬಂದ ಮೇಲೆ, ಹಾಗೇಕೆ ಮಾಡಿದಿರಿ ಎಂದು ಕೇಳಿದೆ.

"ಯಾರಿಗ್ಗೊತ್ತ ಯವ್ವಾ. ಸರೀಬೇಕು ಅನಿಸ್ತು, ಸರದೆ" ಎಂದರು.

ಕೊಂಡಿಯ ಬಾಯನ್ನು ತಂತಿಯಿಂದ ಬಿಗಿದು ಹೊರಟೆವು. ಮನೆಗೆ ಹೋಗುವ ಮೊದಲೇ ನಾನು ಹಟಹಿಡಿದು ಹತ್ತಿ ಗಿರಣಿಯ ಬಳಿ ಜೀಪು ನಿಲ್ಲಿಸುವಂತೆ ಮಾಡಿದೆ. ಹಾಸಿಗೆ, ಡೇರೆ ಎಲ್ಲ ಕೆಳಗಿಳಿಸಿ ಖಾಲಿ ಟ್ರೇಲರನ್ನು ಕಾಟಾದ ಮೇಲೆ ಹತ್ತಿಸಿದೆವು. ರಜಾಕಸಾಬರು ಮೂರು ಸಲ ತೂಗಿದರು. ಮೂರು ಸಲವೂ ಇನ್ನೂರೈವತ್ತು. ಹಿತ್ತಾಳೆ ಪಟ್ಟಿಯ ಮೇಲೆ ಏನಿತ್ತೋ ಅದೇ. "ಏನ ತಗದ್ರಿ ಇದರಾಗಿಂದ?" ಎಂದು ಅವರು ಕೇಳಿದರು. ನಮ್ಮವರು ಹಾಸಿಗೆ ಎತ್ತಿ ಮತ್ತೆ ಹೇರತೊಡಗಿದರು. ಆ ವಿಷಯವನ್ನು ಅವರು ಅಂದಿನಿಂದ ಇಂದಿನವರೆಗೆ ಮತ್ತೆ ಎತ್ತಿಲ್ಲ.

ಆ ರಾತ್ರಿ ಸೀರೆ ಬದಲಿಸುವಾಗ ನನ್ನ ಸೆರಗಿನ ಗಂಟಿನಲ್ಲಿ ಪಿನ್ನು ಸಿಕ್ಕಿತು. ನೀಲಾಳ ಕಾಲು ತೊಳೆಯುವಾಗ ಕಟ್ಟಿಕೊಂಡಿದ್ದಿರಬೇಕು. ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕತ್ತಲಲ್ಲಿ ಕೂತಿದ್ದೆ. ನಮ್ಮವರು ಮರುದಿನ, ಕೊಂಡಿಯೇ ಸರಿ ಇರಲಿಲ್ಲ, ಪಿನ್ನು, ಸರಪಳಿ ಎರಡೂ ಕುಲುಕಿಗೆ ಕಳಚಿಕೊಂಡಿವೆ, ನಾನು ನೋಡಿಕೊಳ್ಳಬೇಕಿತ್ತು ಎಂದು ತಮ್ಮನ್ನೇ ಬೈದುಕೊಳ್ಳುತ್ತ ಹೊಸ ಕೊಂಡಿ ಹಾಕಿಸಿದರು. ನಾನು ಬಾಯಿ ಬಿಡಲಿಲ್ಲ. ಪಿನ್ನನ್ನು ಹಿತ್ತಲಿನ ಬಾವಿಗೆ ಹಾಕಿದೆ. ಇದನ್ನು ಓದಿದರೆ ಅವರಿಗೆ ಮೊದಲ ಸಲ ಗೊತ್ತಾಗುತ್ತದೆ.

ಮುಂದಿನ ವಾರ ನಾನೊಬ್ಬಳೇ ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ. ಗೌಡರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ನಾನು ಸುತ್ತು ಬಳಸದೆ ಕೇಳಿದೆ. ಆ ಡಬ್ಬಿಯಲ್ಲಿ ಯಾರಾದರೂ ಸತ್ತಿದ್ದರೇ?

"ಇಲ್ಲ ತಂಗಿ. ಅದರಾಗ ಯಾರೂ ಸತ್ತಿಲ್ಲ" ಎಂದರು. ಸುಳ್ಳು ಹೇಳುವ ಮುಖವಲ್ಲ ಅದು. ಮೊರವನ್ನು ಕೆಳಗಿಟ್ಟು, ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದರು: "ಹಗುರ ಆತೇನ?"

ಹೌದೆಂದೆ.

"ಎಲ್ಲಿ ಇಳದ್ರು?"

ಎಲ್ಲಿ ಇಳಿಯಿತು ಎಂದು ಕೇಳಲಿಲ್ಲ. ಇಳದ್ರು ಎಂದರು. ಮನೆಯ ಹಿರಿಯರ ಬಗ್ಗೆ ಕೇಳುವ ಹಾಗೆ, ಮರ್ಯಾದೆಯಿಂದ. ಭೂತನಾಳ ಕೆರೆಯ ಬಳಿ ಎಂದೆ. ಏನು ನಡೆಯಿತೆಂಬುದನ್ನೂ ಹೇಳಿದೆ. ಮಕ್ಕಳ ಮಾತು ಬಂದಾಗ ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, "ಅಲ್ಲೆ ನೆರಳ ಐತೇನ?" ಎಂದು ಕೇಳಿದರು.

"ಗಿಡಾ ಅದಾವ್ರಿ" ಎಂದೆ. "ಯಾರ್ರಿ ಅವರು?"

ಹೊರಗೆ ಗೌಡರ ಕೆಮ್ಮು ಕೇಳಿಸಿತು. ಆ ಹೆಣ್ಣುಮಗಳು ಮೊರ ಎತ್ತಿಕೊಂಡು ಎದ್ದರು. "ಚಾ ಮಾಡತೇನಿ, ಕುಡದ ಹೋಗು ತಂಗಿ. ಬಸ್ಸಿಗೆ ಇನ್ನಾ ಹೊತ್ತೈತಿ" ಎಂದು ಒಳಗೆ ಹೋದರು. ಚಹಾ ಕುಡಿಯುವಾಗ ಗೌಡರೆದುರು ಮಳೆ, ಜೋಳ, ನನ್ನ ಶಾಲೆ ಎಂದು ಏನೇನೋ ಮಾತಾಡಿದರು, ಅದನ್ನು ಬಿಟ್ಟು. ನಾನು ಮತ್ತೆ ಆ ಮನೆಗೆ ಹೋಗಲಿಲ್ಲ.

ಸನ್ನೆಗೋಲಿನ ಪಾಠವನ್ನು ನಾನು ಪ್ರತಿ ವರ್ಷವೂ ಕಲಿಸಿದ್ದೇನೆ. ಮಕ್ಕಳ ತೂಕ, ಅಚ್ಚಿನಿಂದ ಅವರು ಕೂತ ದೂರ, ಮೂಕಿಯ ಉದ್ದ ಎಲ್ಲವನ್ನೂ ಅಂದಾಜಿನ ಮೇಲೆ ಬರೆದು ಎಷ್ಟೋ ಸಲ ಲೆಕ್ಕ ಹಾಕಿದೆ. ಮುಂದಿನ ಮೂಲೆಯಲ್ಲಿ ಒಂದು ಆಳಿನ ಭಾರ ಬೀಳದೆ ಮೂಕಿ ಆ ರೀತಿ ಇಳಿಯಲು ಆಗುವುದಿಲ್ಲ. ಅಳತೆ ಅಂದಾಜಿನದು, ತಪ್ಪಿರಬಹುದು. ಇಳಿಜಾರಿನ ಲೆಕ್ಕ ನನಗೆ ಸರಿಯಾಗಿ ಸಿಕ್ಕಿರಲಿಕ್ಕಿಲ್ಲ. ಬಲ್ಲವರೊಬ್ಬರು ಓದಿ, ಹೀಗಲ್ಲಮ್ಮ ಹೀಗೆ ಎಂದು ತೋರಿಸಿಕೊಟ್ಟರೆ ನನಗೆ ಸಂತೋಷವೇ.

ಆ ಟ್ರೇಲರ್ ಮುಂದೆ ಏಳೆಂಟು ವರ್ಷ ನಮ್ಮಲ್ಲಿತ್ತು. ಸೂಟಿಗೊಮ್ಮೆ ಹೋಗುವುದು ತಪ್ಪಲಿಲ್ಲ. ಕೆರೆಯಿಂದ ಬಂದ ಮೇಲೆ ಖಾಲಿ ಇದ್ದಾಗ ಅದೂ ಗಡಗಡ ಎಂದು ಹಾರತೊಡಗಿತ್ತು, ಎಲ್ಲ ಟ್ರೇಲರುಗಳ ಹಾಗೆ. ಭಾರವಿದ್ದ ದಿನಗಳಲ್ಲಿ ಅದರ ಹತ್ತಿರ ಮಕ್ಕಳು ಆಡಿದರೆ ನನಗೆ ಜೀವ ಹಾರುತ್ತಿತ್ತು. ಆಮೇಲೆ, ಮುಂದಿನ ಮೂಲೆಯಲ್ಲಿ ಯಾರೂ ಇಲ್ಲದ ಆ ಹಗುರ ಟ್ರೇಲರಿಗೆ ಮಕ್ಕಳನ್ನು ಹತ್ತಿಸಿ ಕೈ ಬಿಡುವಾಗ ಆಗುತ್ತಿದ್ದಷ್ಟು ಭಯ ಮೊದಲು ಎಂದೂ ಆಗಿರಲಿಲ್ಲ.